ಮನೆಗಲ್ಲ, ಬಾಗಿಲಿಗೆ ಬಂದ ಅತ್ತೆ

ನನ್ನ ಸೋದರತ್ತೆ ಕುಣಿಗಲ್ಲಿನ ಆಸ್ಪತ್ರೆಯೊಂದರಲ್ಲಿ ನರ್ಸ್ ಆಗಿದ್ದವಳು. ಮದುವೆ ಆಗಲಿಲ್ಲ. ನೋಡಲು ಬಂದ ಗಂಡುಗಳನ್ನೆಲ್ಲ ಒಂದೊಂದು ನೆಪ ಹೇಳಿ ವಾಪಸ್ಸು ಕಳಿಸಿ, ಕಡೆಕಡೆಗೆ ನೆಪ ಹುಡುಕುವುದನ್ನೂ ಬಿಟ್ಟು ‘ಬೇಡ’ ಅಂತಷ್ಟೇ ಹೇಳುತ್ತಿದ್ದಳಂತೆ. ರಿಟೈರ್ ಆದಮೇಲೆ ಗುಬ್ಬಿ ಹತ್ತಿರದ ನಮ್ಮೂರಿಗೆ ಬಂದು ಅಣ್ಣನ ಮನೆಯಲ್ಲಿ ಇದ್ದುಬಿಡುತ್ತಾಳೆ, ಹಬ್ಬಕ್ಕೆ ಹೋಳಿಗೆ ತಟ್ಟಿಕೊಂಡು, ಅಜ್ಜಿಗೆ ಬಿ.ಪಿ. ನೋಡಿಕೊಂಡು ಇರುತ್ತಾಳೆ ಎಂದು ಎಲ್ಲರೂ ಅಂದುಕೊಂಡಿದ್ದರು. ಆ ಅಣ್ಣನೇ ನಮ್ಮಪ್ಪ.

ಅವಳು ಬಂದದ್ದೇನೋ ನಿಜ. ನಾನು ಆವತ್ತು ತುಮಕೂರಿನಿಂದ ಮಗಳನ್ನು ಕರೆದುಕೊಂಡು ಊರಿಗೆ ಹೋಗಿದ್ದೆ. ಅತ್ತೆ ಕೈಕಾಲು ತೊಳೆದುಕೊಂಡು ಸೀದಾ ಅಜ್ಜಿಯ ಮಂಚದ ಹತ್ತಿರ ಹೋಗಿ ನೆಲದ ಮೇಲೆ ಕೂತಳು. ಎಂಬತ್ತು ದಾಟಿದ ಅಜ್ಜಿಗೆ ಕಿವಿ ಮಂದ, ಮಾತು ಮಾತ್ರ ಖಡಕ್ಕು. ಅತ್ತೆ ದನಿ ಏರಿಸಿ ಹೇಳಿದ್ದರಿಂದ ಅಡುಗೆಮನೆಯಲ್ಲಿದ್ದ ನಮಗೂ, ಜಗಲಿಯಲ್ಲಿದ್ದ ಅಪ್ಪನಿಗೂ ಕೇಳಿಸಿತು.

“ಅವ್ವ, ನಾನು ಭಿಕ್ಷುಣಿ ಆಗ್ಬೇಕು ಅಂತಿದೀನಿ. ನಿನ್ನ ಒಪ್ಗೆ ಬೇಕು. ಹೆತ್ತೋರು ಒಪ್ದೆ ಅವರು ಸೇರಿಸ್ಕೊಳ್ಳಲ್ಲ.”

ಅತ್ತೆಗೆ ಬುದ್ಧನ ದಾರಿ ಸಿಕ್ಕಿದ್ದು ಆಸ್ಪತ್ರೆಯಲ್ಲೇ. ಕುಣಿಗಲ್ ಕೆರೆಯ ಕಡೆ ಒಂದು ಪುಟ್ಟ ಮನೆಯಲ್ಲಿ ವಾಸವಾಗಿದ್ದ ಹಿರಿಯ ಭಿಕ್ಷುಣಿಯೊಬ್ಬರು ಸೊಂಟದ ಮೂಳೆ ಮುರಿದುಕೊಂಡು ಅಡ್ಮಿಟ್ ಆಗಿದ್ದರು. ಅವರ ಶುಶ್ರೂಷೆ ಅತ್ತೆಯ ಪಾಲಿಗೆ ಬಂತು. “ಅಷ್ಟು ನೋವಿತ್ತು, ಆದ್ರೂ ಆಯಮ್ಮ ನೋವಿನ ಜೊತೆ ಜಗಳ ಆಡ್ತಿರ್ಲಿಲ್ಲ ಕಣೇ. ಇದು ಹೆಂಗೆ ಅಂತ ತಿಳ್ಕೊಬೇಕು ಅನ್ನಿಸ್ತು,” ಎಂದು ನನ್ನ ಹತ್ತಿರ ಹೇಳಿದ್ದಳು. ಅವರು ಡಿಸ್ಚಾರ್ಜ್ ಆದಮೇಲೆ ಅತ್ತೆ ರಜೆ ಸಿಕ್ಕಾಗಲೆಲ್ಲ ಅಲ್ಲಿಗೆ ಹೋಗಿ ಧ್ಯಾನಕ್ಕೆ ಕೂರುತ್ತಿದ್ದಳು. ನಮಗೆ ಗೊತ್ತಿತ್ತು. ಯೋಗ ಕ್ಲಾಸಿಗೆ ಹೋಗುವ ಹಾಗೆ ಇದೂ ಒಂದು ಎಂದುಕೊಂಡಿದ್ದೆವು.

ಅಪ್ಪ ಜಗಲಿಯಿಂದ ಎದ್ದು ಬಂದ.

“ಅರವತ್ತು ವರ್ಷದ ಹೆಂಗ್ಸಿಗೆ ಅಮ್ಮನ ಒಪ್ಗೆಯಂತೆ! ತಲೆ ಬೋಳಿಸ್ಕೊಂಡು ಬೀದೀಲಿ ತಿರುಗ್ತೀಯಾ? ತಂಗಿಗೆ ಒಂದು ತುತ್ತು ಅನ್ನ ಹಾಕೋ ಯೋಗ್ಯತೆ ಇರ್ಲಿಲ್ಲ ನನಗೆ ಅಂತ ಜನ ಆಡ್ಕೊಳಲ್ವಾ? ಪೂಜೆ ಮಾಡ್ಬೇಕು ಅಂದ್ರೆ ಒಳಗೆ ದೇವ್ರ ಮನೆ ಇದೆ. ಬೇಡ ಅಂದೋರು ಯಾರು?”

ಅಜ್ಜಿ ಅವನ ಕಡೆ ತಿರುಗಲೇ ಇಲ್ಲ. “ಅಲ್ಲಿ ಏನ್ ಕೆಲ್ಸ ಮಗಾ ನಿಂಗೆ? ಪೂಜೆ ಮಾಡ್ಸೋದಾ, ಐನೋರಂಗೆ?” ಎಂದು ಕೇಳಿದಳು. ನಮ್ಮ ಕಡೆ ಪುರೋಹಿತರನ್ನು ಕರೆಯುವುದು ಐನೋರು ಎಂದೇ.

“ಇಲ್ಲ ಅವ್ವ. ಪೂಜೆ ಮಾಡ್ಸೋದಿಲ್ಲ. ಕೂತು ನನ್ನ ಮನಸನ್ನ ನಾನು ನೋಡ್ಕೊಳೋದು. ಜನ ಕೊಟ್ಟಿದ್ದನ್ನ ಉಣ್ಣೋದು. ಯಾರಾದ್ರೂ ಬಂದು ಕೇಳಿದ್ರೆ ತಿಳಿದಷ್ಟು ಹೇಳೋದು. ಕಾಯ್ಲೆ ಬಿದ್ದೋರ ಹತ್ರ ಕೂರೋದು.”

“ಇಷ್ಟು ದಿನ ಆಸ್ಪತ್ರೇಲಿ ಇನ್ನೇನ್ ಮಾಡ್ತಿದ್ದೆ?” ಎಂದು ಅಜ್ಜಿ ನಕ್ಕಳು. ಅಪ್ಪ ಮತ್ತೆ ಬಾಯಿ ತೆಗೆದ. ಈ ಸಲ ಅಜ್ಜಿ ಅವನ ಕಡೆ ತಿರುಗಿದಳು.

“ನೀನ್ಯಾಕ್ಲಾ ಮಧ್ಯ ಬಾಯಿ ಹಾಕ್ತೀಯ? ಅವ್ಳು ಕೇಳಿರೋದು ನನ್ನ. ನನ್ನ ಮದ್ವೇಲಿ ನನ್ನ ಯಾರೂ ಕೇಳ್ಲಿಲ್ಲ. ತೋಟ ಭಾಗ ಮಾಡುವಾಗ ಕೇಳ್ಲಿಲ್ಲ. ಹಳೇ ಮನೆ ಕೆಡವುವಾಗ ನೀನೂ ಕೇಳ್ಲಿಲ್ಲ. ಈಗ ಒಬ್ಳು ಬಂದು ಕೇಳ್ತಾವ್ಳೆ. ನಾನು ಹೂಂ ಅಂತೀನಿ, ಅದೇನ್ ಮಾಡ್ಕೊತೀಯೋ ಮಾಡ್ಕೊ.”

ಅತ್ತೆಯ ತಲೆಯ ಮೇಲೆ ಕೈಯಿಟ್ಟು “ಹೋಗು ಮಗಾ. ಒಪ್ಪಿದೀನಿ,” ಅಂದಳು. ಅತ್ತೆಗೆ ಆಗ ಉದ್ದ ಕೂದಲಿತ್ತು. ಮುಕ್ಕಾಲು ಬೆಳ್ಳಗಾಗಿದ್ದ ಗಟ್ಟಿ ಜಡೆ. ಅಜ್ಜಿಯ ಕೈ ಬಹಳ ಹೊತ್ತು ಅಲ್ಲೇ ಇತ್ತು.

ಮುಂದೆ ಅತ್ತೆ ಕೆಲವು ಕಾಲ ಹೊರಗಡೆ ವಿಹಾರವೊಂದರಲ್ಲಿದ್ದು ಕಲಿತು, ದೀಕ್ಷೆ ತೆಗೆದುಕೊಂಡು, ಕುಣಿಗಲ್ಲಿಗೇ ವಾಪಸ್ಸು ಬಂದು ಆ ಹಿರಿಯ ಭಿಕ್ಷುಣಿಯ ಜೊತೆ ನಿಂತಳು. ಮೊದಲ ಸಲ ನೋಡಲು ಹೋದಾಗ ಎದುರಿಗೆ ನಿಂತವಳ ಗುರುತು ನನಗೆ ಹತ್ತಲಿಲ್ಲ. ನುಣ್ಣಗೆ ಬೋಳಿಸಿದ ತಲೆ, ಕಾವಿಗಿಂತ ಸ್ವಲ್ಪ ಕಂದು ಬಣ್ಣದ ಚೀವರ. ಬಳೆಯಿಲ್ಲ, ಬೊಟ್ಟಿಲ್ಲ. “ಏನೇ, ಹಂಗ್ ನೋಡ್ತೀಯ?” ಎಂದಾಗ ಮಾತ್ರ ಅತ್ತೆಯ ದನಿ. ಪಾಲಿ ಭಾಷೆಯಲ್ಲಿ ಭಿಕ್ಷುಣಿಯರನ್ನು ‘ಅಯ್ಯಾ’ ಎಂದು ಕರೆಯುತ್ತಾರಂತೆ, ಪೂಜ್ಯಳು ಎಂಬ ಅರ್ಥದಲ್ಲಿ. ಅದನ್ನು ಅಜ್ಜಿಗೆ ಹೇಳಿದೆ. “ಹೆಣ್ಮಗಳಿಗೆ ಅಯ್ಯಾ ಅಂತಾರಾ?” ಎಂದು ಸ್ವಲ್ಪ ಯೋಚನೆ ಮಾಡಿ, “ಇರ್ಲಿ ಬುಡು. ಈ ಮನೇಲಿ ಗಂಡಸರೇ ಯಾಕೆ ಅಯ್ಯ ಆಗಿರ್ಬೇಕು,” ಅಂದಳು.

ಬೋಳುತಲೆಯ ಹೆಂಗಸು ಎದುರು ಬಂದರೆ ಅಪಶಕುನ ಎನ್ನುವುದು ನಮ್ಮ ಜನರ ರಕ್ತದಲ್ಲೇ ಇದೆ. ಕುಣಿಗಲ್ ಪೇಟೆಯಲ್ಲಿ ಅತ್ತೆಯ ಜೊತೆ ನಡೆಯುವಾಗ, ಮದುವೆ ಸೀರೆ ಕೊಳ್ಳಲು ಹೊರಟಿದ್ದ ಒಂದು ಗುಂಪು ನಮ್ಮನ್ನು ನೋಡಿ ನಿಂತು, ತಿರುಗಿ, ಇನ್ನೊಂದು ರಸ್ತೆ ಹಿಡಿದದ್ದನ್ನು ನಾನೇ ಕಂಡೆ. ನನಗೆ ಮೈ ಉರಿಯಿತು. ಅತ್ತೆ ಮಾತ್ರ ನಡಿಗೆ ನಿಧಾನ ಮಾಡಲೂ ಇಲ್ಲ, ಜೋರು ಮಾಡಲೂ ಇಲ್ಲ. “ರಸ್ತೆ ಅಗಲವಾಗಿದೆ. ಅವರಿಗೂ ಇದೆ, ನಮಗೂ ಇದೆ,” ಅಂದಳು.

ಇನ್ನು ಕೆಲವರದು ಬೇರೆ ಥರ. ಕಾವಿ ಕಂಡರೆ ಸಾಕು, ಕೈಯೊಡ್ಡಿ ನಿಲ್ಲುವವರು. ಮಗುವಿಗೆ ದಾರ ಕಟ್ಟಿಕೊಡಿ. ಸೈಟಿಗೆ ಪೂಜೆ ಮಾಡಿಕೊಡಿ. ಮಗನ ಜಾತಕ ನೋಡಿ, ಯಾವಾಗ ಕೆಲಸ ಸಿಗುತ್ತದೆ ಹೇಳಿ. ನಾನಿದ್ದಾಗಲೇ ಒಬ್ಬ ಹೆಂಗಸು ಹಣ್ಣು ಹೂವು ತಟ್ಟೆಯಲ್ಲಿಟ್ಟುಕೊಂಡು ಬಂದಳು. ಮೈದುನ ಮಾಟ ಮಾಡಿಸಿದ್ದಾನೆ, ತೆಗೆದುಕೊಡಿ ಎಂದು.

“ಅದು ನನ್ನ ಕೈಲಿ ಆಗಲ್ಲಮ್ಮ,” ಅಂದಳು ಅತ್ತೆ. “ದಾರ ಕಟ್ಟೋದು, ಮಾಟ ತೆಗೆಯೋದು, ಭವಿಷ್ಯ ಹೇಳೋದು ಭಿಕ್ಷುಗಳ ಕೆಲ್ಸ ಅಲ್ಲ. ಅದರಲ್ಲಿ ಹೊಟ್ಟೆ ಹೊರ್ಕೊಬಾರ್ದು ಅಂತ ನಮಗೆ ಕಟ್ಟಳೆ ಇದೆ.”

ಹೆಂಗಸಿಗೆ ಸಿಟ್ಟು ಬಂತು. “ಮತ್ತೆ ನಿಮಗೆ ಜನ ಯಾತಕ್ಕೆ ಅನ್ನ ಹಾಕ್ಬೇಕು?”

“ಹಾಕ್ಲೇಬೇಕು ಅಂತ ಇಲ್ವಲ್ಲಮ್ಮ. ಬಾ, ಕೂತ್ಕೋ. ಮೈದುನ ಏನ್ ಮಾಡ್ದ, ಅದನ್ನ ಹೇಳು.”

ಅವಳು ಕೂತಳು. ಮೈದುನನ ವಿಷಯಕ್ಕೆ ಶುರುವಾದದ್ದು ಗಂಡನ ಕುಡಿತಕ್ಕೆ ಬಂದು, ಕೊನೆಗೆ, ತೀರಿಹೋದ ಅವಳ ಮಗುವಿನ ಮಾತಿಗೆ ಬಂದು ನಿಂತಿತು. ಅತ್ತೆ ನಡುವೆ ಒಂದೆರಡು ಪ್ರಶ್ನೆ ಕೇಳಿದ್ದು ಬಿಟ್ಟರೆ ಹೆಚ್ಚು ಮಾತಾಡಲಿಲ್ಲ. ಏಳುವಾಗ ಆ ಹೆಂಗಸು ತಟ್ಟೆಯನ್ನು ಅಲ್ಲೇ ಬಿಟ್ಟು, ಸೆರಗಿನಲ್ಲಿ ಮುಖ ಒರೆಸಿಕೊಂಡು ಹೋದಳು. ಅವಳು ಆಮೇಲೂ ಬರುತ್ತಿದ್ದಳು, ಮಾಟದ ಮಾತು ಎತ್ತುತ್ತಿರಲಿಲ್ಲ. ನಾನು ಬೌದ್ಧಳಲ್ಲ. ತುಮಕೂರಿನ ಉಪ್ಪಾರಹಳ್ಳಿಯ ನನ್ನ ಮನೆಯಲ್ಲಿ ಇವತ್ತಿಗೂ ಗಣಪತಿ ಕೂರುತ್ತಾನೆ. ಆದರೆ ಅತ್ತೆ ಮಾಡುತ್ತಿರುವುದು ಕೆಲಸ ಅಲ್ಲ, ಸೋಮಾರಿತನ ಎಂದು ಮದುವೆಮನೆಗಳಲ್ಲಿ ಯಾರಾದರೂ ಹೇಳಿದರೆ ಆವತ್ತಿನಿಂದ ನಾನು ಊಟದ ಎಲೆಯ ಮುಂದೆಯೇ ಜಗಳಕ್ಕೆ ನಿಲ್ಲತೊಡಗಿದೆ.

ಅತ್ತೆ ಒಂದು ದಿನ ಫೋನು ಮಾಡಿಸಿ, “ಅವ್ವನ್ನ ನೋಡ್ಬೇಕು. ಗುಬ್ಬಿಗೆ ಹೋಗೋಣ, ಜೊತೆಗೆ ಬರ್ತೀಯಾ?” ಎಂದು ಕೇಳಿದಳು. ನಾನು ಕುಣಿಗಲ್ಲಿಗೆ ಹೋಗಿ ಅವಳನ್ನು ಕರೆದುಕೊಂಡು ಹೊರಟೆ. ಬಸ್ಸಿನಲ್ಲಿ ಹೆಂಗಸರಿಗೆ ಫ್ರೀ. ಅವಳು ದುಡ್ಡು ಮುಟ್ಟುವಂತಿಲ್ಲವಾದ್ದರಿಂದ ಅದೂ ಒಳ್ಳೆಯದೇ ಆಗಿತ್ತು. ಕಂಡಕ್ಟರು “ಸ್ವಾಮಿ, ಟಿಕೆಟ್” ಎಂದ. ಅತ್ತೆ ಆಧಾರ್ ಕಾರ್ಡು ತೋರಿಸಿದಳು. ಅದರಲ್ಲಿ ಜಡೆ, ಬೊಟ್ಟು ಇರುವ ನರ್ಸಮ್ಮ. ಅವನು ಕಾರ್ಡನ್ನೂ ಮುಖವನ್ನೂ ನೋಡಿ, “ಇದು ನೀವೇನಾ?” ಅಂದ. “ಅದೂ ನಾನೇ ಅಂತ ಬರ್ದವ್ರೆ. ಟಿಕೆಟ್ ಕೊಡಪ್ಪ,” ಅಂದಳು ಅತ್ತೆ. ಸುತ್ತಲಿದ್ದವರು ನಕ್ಕರು, ಅವಳೂ ನಕ್ಕಳು.

ಊರಿನಲ್ಲಿ ಇಳಿದಮೇಲೆ ಅವಳು ಜೋಳಿಗೆಯಿಂದ ಭಿಕ್ಷಾಪಾತ್ರೆ ತೆಗೆದಾಗ ನಾನು ತಡೆದೆ. “ಅತ್ತೆ, ಇಲ್ಲಿ ಬೇಡ. ಮನೇಲಿ ಅಮ್ಮ ಅಡುಗೆ ಮಾಡಿರ್ತಾಳೆ.”

“ಹೊತ್ತು ನೆತ್ತಿಗೆ ಬರೋದ್ರೊಳಗೆ ಉಣ್ಬೇಕು ನಾನು. ಉಣ್ಬೇಕು ಅಂದ್ರೆ ಹಿಂಗೇ. ಬೇರೆ ಊರಲ್ಲಿ ಹಿಂಗೆ, ನಮ್ಮೂರಲ್ಲಿ ಇನ್ನೊಂಥರ ಅಂದ್ರೆ ನಾಟ್ಕ ಆಗುತ್ತೆ.”

ಅವಳು ಬರಿಗಾಲಲ್ಲಿ, ಕಣ್ಣು ನೆಲದ ಮೇಲಿಟ್ಟು ನಡೆದಳು. ಮನೆ ಬಿಡದೆ ಪ್ರತಿ ಬಾಗಿಲ ಮುಂದೂ ನಿಂತಳು. ಭಿಕ್ಷುಣಿ ಬಾಯಿಬಿಟ್ಟು ಕೇಳುವಂತಿಲ್ಲ. ಸ್ವಲ್ಪ ಹೊತ್ತು ಮೌನವಾಗಿ ನಿಂತು, ಯಾರೂ ಬರದಿದ್ದರೆ ಮುಂದಕ್ಕೆ. ಮೊದಲ ಮನೆಗಳಲ್ಲಿ ಬಾಗಿಲು ಹಾಕಿಕೊಂಡರು. ಒಬ್ಬಳು ಒಂದು ಚಿಪ್ಪು ಬಾಳೆಹಣ್ಣು ತಂದು ಪಾತ್ರೆಯಲ್ಲಿಟ್ಟು, ಕಾಲು ಮುಟ್ಟಲೋ ಬೇಡವೋ ತಿಳಿಯದೆ ಒಳಗೆ ಓಡಿಹೋದಳು. ನಾವು ನಮ್ಮ ಮನೆ ತಲುಪುವ ಹೊತ್ತಿಗೆ ಅರ್ಧ ಬೀದಿ ಜಗಲಿಗೆ ಬಂದಿತ್ತು.

ಅಪ್ಪ ಗೇಟಿನ ಹತ್ತಿರ ನಿಂತಿದ್ದ. ಸುದ್ದಿ ನಮಗಿಂತ ಮುಂಚೆ ತಲುಪಿತ್ತು.

“ಒಳಗೆ ಬಾ. ಎಲೆ ಹಾಕ್ತೀವಿ, ಕೂತ್ಕೊಂಡು ಉಣ್ಣು,” ಎಂದ, ಹಲ್ಲು ಕಚ್ಚಿಕೊಂಡು. “ಬೀದೀಲಿ ನಿಂತು ಮಾನ ತೆಗೀಬೇಡ.”

“ನಾನು ಮನೆಗೆ ಬಂದಿಲ್ಲ ಅಣ್ಣ, ಬಾಗ್ಲಿಗೆ ಬಂದಿದೀನಿ. ಕೊಡ್ಬೇಕು ಅಂತೇನೂ ಇಲ್ಲ.”

“ನಮ್ಮಪ್ಪ ಯಾರ ಬಾಗ್ಲಲ್ಲೂ ಕೈ ಚಾಚ್ದೋನಲ್ಲ ಕಣಮ್ಮ!”

ಅತ್ತೆ ಪಾತ್ರೆ ಹಿಡಿದು ನಿಂತೇ ಇದ್ದಳು. ಅಪ್ಪ ನನ್ನ ಕಡೆ ತಿರುಗಿ, “ನಿಂಗಾದ್ರೂ ಬುದ್ಧಿ ಬೇಡ್ವಾ?” ಅಂದ. ನಾನು ಅತ್ತೆಯ ಪಕ್ಕಕ್ಕೆ ಒಂದು ಹೆಜ್ಜೆ ಸರಿದು ನಿಂತೆ. ಅದೇ ನನ್ನ ಉತ್ತರವಾಗಿತ್ತು.

ಆಗ ಒಳಗಿನಿಂದ ಅಜ್ಜಿ ಬಂದಳು. ಮಂಚ ಬಿಟ್ಟು ಎದ್ದು ಬಹಳ ಕಾಲವಾಗಿದ್ದವಳು. ಒಂದು ಕೈ ಗೋಡೆ ಹಿಡಿದಿತ್ತು, ಇನ್ನೊಂದರಲ್ಲಿ ತಟ್ಟೆ. ತಟ್ಟೆಯಲ್ಲಿ ಮುದ್ದೆ, ಮೇಲೆ ಬಸಿದ ಸೊಪ್ಪಿನ ಪಲ್ಯ. ಹಿಂದೆ ಅಮ್ಮ ಗಾಬರಿಯಲ್ಲಿ ಅವಳ ಸೊಂಟ ಹಿಡಿದುಕೊಂಡು ಬರುತ್ತಿದ್ದಳು. ಅಪ್ಪ ಗೇಟು ಬಿಟ್ಟು ಸರಿಯಲಿಲ್ಲ. ಅಜ್ಜಿ ಅವನ ಎದುರು ನಿಂತು, “ಸರೀಲಾ ಅತ್ಲಾಗೆ,” ಎಂದಳು. ಸರಿದ. ಅಜ್ಜಿ ತಟ್ಟೆಯನ್ನು ಅಮ್ಮನ ಕೈಗೆ ಕೊಟ್ಟು, ಮುದ್ದೆಯನ್ನು ಕೈಯಾರೆ ಎತ್ತಿ ಮಗಳ ಪಾತ್ರೆಗೆ ಹಾಕಿದಳು. ಹಾಕಿದ ಮೇಲೆ ಬೀದಿಯ ಆ ತುದಿಯಿಂದ ಈ ತುದಿಯವರೆಗೆ ಒಂದು ಸಲ ಕಣ್ಣಾಡಿಸಿದಳು. “ಏನ್ ನೋಡ್ತೀರಿ? ನನ್ನ ಮಗಳಿಗೆ ನಾನು ಉಣ್ಣಕ್ಕಿಕ್ಕದು ಯಾವತ್ತೂ ನೋಡಿಲ್ವಾ?” ಎಂದಳು.

ಅತ್ತೆ ತೋಟದ ಪಂಪ್‌ಸೆಟ್ ಹತ್ತಿರ ಕೂತು ಊಟ ಮಾಡಿದಳು. ಅಪ್ಪ ಆವತ್ತು ಉಣ್ಣಲಿಲ್ಲ.

ಬುದ್ಧನ ಹಾದಿಯಲ್ಲಿ ಎಲ್ಲ ಸರಿಯಾಗಿದೆ ಎಂದು ನಾನು ಹೇಳಲಾರೆ. ಅಲ್ಲೂ ಗೇಟುಗಳಿವೆ. ಬುದ್ಧ ಪೂರ್ಣಿಮೆಗೆ ತುಮಕೂರಿನ ಒಂದು ಸಭಾಭವನದಲ್ಲಿ ಕಾರ್ಯಕ್ರಮವಿತ್ತು. ಹೊರಗಿನಿಂದ ಭಿಕ್ಷುವೊಬ್ಬರು ಬಂದಿದ್ದರು, ನಾನು ಶಾಲೆಯಲ್ಲಿ ಪಾಠ ಹೇಳಿದ ಹಳೆಯ ವಿದ್ಯಾರ್ಥಿಗಳ ವಯಸ್ಸಿನವರು. ಅವರಿಗೆ ವೇದಿಕೆಯ ಮೇಲೆ ಬಿಳಿ ಬಟ್ಟೆ ಹೊದಿಸಿದ ಕುರ್ಚಿ. ಅತ್ತೆಯನ್ನು ಕಂಡ ಸಂಘಟಕರು, “ಅಮ್ಮ, ನೀವು ಕೆಳಗೆ ಲೇಡೀಸ್ ಸೈಡಲ್ಲಿ ಕೂತ್ಕೊಳಿ,” ಎಂದರು. ನಾನು ರೇಗಿದೆ. “ಅವರೂ ದೀಕ್ಷೆ ತಗೊಂಡೋರು. ಇವರೂ ತಗೊಂಡೋರು. ಒಬ್ಬರಿಗೆ ಕುರ್ಚಿ, ಒಬ್ಬರಿಗೆ ಲೇಡೀಸ್ ಸೈಡಾ?”

“ಮೇಡಂ, ಅವರಲ್ಲಿ ರೂಲ್ಸ್ ಹಂಗಿದೆ. ಭಿಕ್ಷುಣಿಯರ ಪರಂಪರೆ ನಿಂತುಹೋಗಿ ಎಷ್ಟೋ ಕಾಲ ಆಯ್ತಂತೆ. ಈಗಿನೋರನ್ನ ಹಿರಿಯರು ಒಪ್ಪಲ್ಲ.”

ಅತ್ತೆ ನನ್ನ ತೋಳು ಹಿಡಿದು ಪಕ್ಕಕ್ಕೆ ಸರಿಸಿ, ಮೆಟ್ಟಿಲು ಹತ್ತಿದಳು. ಆ ಹುಡುಗ ಭಿಕ್ಷುವಿನ ಮುಂದೆ ಮಂಡಿಯೂರಿ, ಹಣೆ ನೆಲಕ್ಕೆ ಮುಟ್ಟುವಂತೆ ಮೂರು ಸಲ ನಮಸ್ಕರಿಸಿದಳು. ಎಷ್ಟೇ ಹಿರಿಯಳಾದರೂ ಭಿಕ್ಷುಣಿ ನಿನ್ನೆ ದೀಕ್ಷೆ ಪಡೆದ ಭಿಕ್ಷುವಿಗೂ ಬಗ್ಗಬೇಕಂತೆ. ನೋಡಲಾರದೆ ಮುಖ ತಿರುಗಿಸಿದೆ. ಮತ್ತೆ ನೋಡುವಾಗ ಅವಳು ಕೆಳಗಿಳಿದಿರಲಿಲ್ಲ. ಜೋಳಿಗೆಯಿಂದ ತನ್ನ ಕೂರುವ ಬಟ್ಟೆ ತೆಗೆದು, ವೇದಿಕೆಯ ಮೇಲೆ, ಕುರ್ಚಿಯಿಂದ ಸ್ವಲ್ಪ ದೂರದಲ್ಲಿ ಹಾಸಿ, ಬೆನ್ನು ನೆಟ್ಟಗೆ ಮಾಡಿ ಕೂತಿದ್ದಳು. ಸಂಘಟಕರು ಮೇಲೆ ಹೋಗಿ ಕಿವಿಯಲ್ಲಿ ಏನೋ ಹೇಳಿದರು. ಅವಳು ಒಲ್ಲೆನೆಂದು ತಲೆ ಅಲ್ಲಾಡಿಸಿದಳು. ಜನರೆದುರು ಎಬ್ಬಿಸಿ ಕಳಿಸುವ ಧೈರ್ಯ ಯಾರಿಗೂ ಆಗಲಿಲ್ಲ. ಕಾರ್ಯಕ್ರಮ ಹಾಗೆಯೇ ನಡೆಯಿತು.

ಮುಗಿದ ಮೇಲೆ ಆ ಭಿಕ್ಷುವೇ ಹತ್ತಿರ ಬಂದು, ಒರಟುತನವಿಲ್ಲದೆ, ಸಂಕೋಚದಿಂದಲೇ ಹೇಳಿದರು, “ನಮ್ಮ ಗುರುಗಳು ಭಿಕ್ಷುಣಿ ದೀಕ್ಷೆಯನ್ನು ಒಪ್ಪುವುದಿಲ್ಲ.”

“ನಮ್ಮವ್ವ ಒಪ್ಪವ್ಳೆ ಭಂತೇ,” ಅಂದಳು ಅತ್ತೆ.

ವಾಪಸ್ಸು ಬರುವಾಗ ಆಟೋದಲ್ಲಿ ಕೇಳಿದೆ, “ಮತ್ಯಾಕೆ ಬಗ್ಗಿದೆ?” ಅವಳು, “ಬಗ್ಗೋದ್ರಿಂದ ನಂದೇನೂ ಹೋಗಲ್ಲ ಕಣೇ. ಕೂರೋ ಜಾಗ ಬಿಟ್ಕೊಟ್ರೆ ಹೋಗುತ್ತೆ. ನಂದು ಮಾತ್ರ ಅಲ್ಲ, ನನ್ನ ಹಿಂದೆ ಬರೋಳ್ದೂ ಹೋಗುತ್ತೆ,” ಅಂದಳು. ಬಗ್ಗಿದ್ದು ಸರಿ ಎಂದು ನನಗೆ ಇವತ್ತಿಗೂ ಅನ್ನಿಸಿಲ್ಲ. ಅವಳ ಹತ್ತಿರವೂ ಹಾಗೆಯೇ ಹೇಳಿದ್ದೇನೆ.

ಮರುವರ್ಷದ ಬೇಸಿಗೆಯಲ್ಲಿ ಅಜ್ಜಿ ತೀರಿಕೊಂಡಳು. ಬೆಳಿಗ್ಗೆ ಕಾಫಿ ಕುಡಿದು ಮಲಗಿದವಳು ಏಳಲಿಲ್ಲ. ಅತ್ತೆ ಬರುವ ಹೊತ್ತಿಗೆ ಅಂಗಳದ ತುಂಬ ಜನ. ಒಳಗೆ ದೇಹಕ್ಕೆ ನೀರು ಹಾಕುವ ತಯಾರಿ ನಡೆದಿತ್ತು. ಅತ್ತೆ ಸೀದಾ ಒಳಗೆ ಹೋಗಿ, ಚೀವರದ ಅಂಚು ಸಿಕ್ಕಿಸಿಕೊಂಡು ಚೊಂಬು ಎತ್ತಿಕೊಂಡಳು. ಅಪ್ಪನ ದೊಡ್ಡಪ್ಪನ ಮಗ, ದಾಯಾದಿಗಳಲ್ಲೆಲ್ಲ ಹಿರಿಯರು, ಬಾಗಿಲಲ್ಲಿ ನಿಂತು ಕೆಮ್ಮಿದರು.

“ಮುತ್ತೈದೇರು ಮಾಡ್ಲಿ ಬುಡಮ್ಮ. ತಲೆ ಬೋಳಿಸ್ಕೊಂಡೋರು ಮುಟ್ಬಾರ್ದು.”

“ನಾನು ಎಷ್ಟೋ ಜನರ ತಾಯಂದಿರಿಗೆ ಈ ಕೆಲ್ಸ ಮಾಡಿದೀನಿ. ನನ್ನ ತಾಯಿಗೆ ಮಾಡ್ಬಾರ್ದಾ?” ಎಂದಳು ಅತ್ತೆ. ಕೈ ನಿಲ್ಲಿಸಲಿಲ್ಲ. ಅಮ್ಮ ಬಾಗಿಲನ್ನು ಎಳೆದು ಹಾಕಿದಳು. ನಾವು ಮೂವರೇ ಅಜ್ಜಿಗೆ ನೀರು ಹಾಕಿದೆವು.

ಅಜ್ಜಿಯನ್ನು ಹೊರಗೆ ತಂದು ಕೂರಿಸಿದಮೇಲೆ ಇನ್ನೊಂದು ಮಾತು ಹುಟ್ಟಿತು. ಐನೋರು ಬರುವುದು ತಡವಾಗಿತ್ತು. ಯಾರೋ, “ಹೆಂಗೂ ಮನೇಲೇ ಸ್ವಾಮ್ಗಳು ಅವ್ರಲ್ಲ, ಅವರ ಕೈಲೇ ಮಾಡ್ಸಿ ಮುಗ್ಸಿ,” ಎಂದರು. ಈಗತಾನೇ ಮುಟ್ಟಬಾರದು ಎಂದಿದ್ದ ಜನ! ಅತ್ತೆ ಅದಕ್ಕೂ ಒಪ್ಪಲಿಲ್ಲ.

“ಸತ್ತೋರನ್ನ ದಾಟ್ಸೋ ಕೆಲ್ಸ ನಂಗೆ ಬರಲ್ಲ. ಅವ್ವನ್ನ ಅಲ್ಲಿಗೆ ಕಳಿಸ್ತೀನಿ, ಇಲ್ಲಿಗೆ ಕಳಿಸ್ತೀನಿ ಅಂತ ನಾನು ಸುಳ್ಳು ಹೇಳಲ್ಲ. ಅಣ್ಣನಿಗೆ ಐನೋರ ಮೇಲೆ ನಂಬಿಕೆ ಇದೆ, ಅವರೇ ಮಾಡ್ಲಿ. ನಾನು ಪಕ್ಕದಲ್ಲಿ ಕೂತಿರ್ತೀನಿ.”

ಅಜ್ಜಿಯ ಪಕ್ಕದಲ್ಲಿ ಕೂತು ಪಾಲಿಯಲ್ಲಿ ಓದತೊಡಗಿದಳು. ಕೂಡಿಬಂದದ್ದೆಲ್ಲ ಒಂದು ದಿನ ಬಿಚ್ಚಿಕೊಳ್ಳುತ್ತದೆ ಎಂಬ ಅರ್ಥದ ಸಾಲುಗಳು. ಅಪ್ಪ ಎದುರಿಗೇ ಕೂತಿದ್ದ. ಕಣ್ಣು ಕೆಂಪಗಾಗಿತ್ತು. “ಕಲ್ಲಿನ ಥರ ಓದ್ತಿದೀಯಲ್ಲ. ಹೆತ್ತೋಳು ಕಣೇ ಅವ್ಳು. ಅಳು ಬರಲ್ವಾ ನಿಂಗೆ?” ಎಂದ.

“ಬರ್ತಿದೆ ಅಣ್ಣ. ಅಳ್ತಾನೇ ಓದ್ತಿದೀನಿ.”

ಕಣ್ಣೊರೆಸಿಕೊಂಡು ಮುಂದಿನ ಸಾಲು ಓದಿದಳು.

ಐನೋರು ಬಂದು ತಮ್ಮ ಕೆಲಸ ಮಾಡಿದರು. ಅವರು ಅತ್ತೆಗೆ ಕೈಮುಗಿದರು, ಅತ್ತೆ ಮುಗುಳ್ನಗುತ್ತ ತಲೆ ಬಾಗಿಸಿದಳು. ಅವರಿಬ್ಬರ ನಡುವೆ ಏನೂ ತಕರಾರು ಇರಲಿಲ್ಲ. ತಕರಾರು ಬಂದದ್ದು ತೋಟದ ಮೂಲೆಗೆ, ತಾತನ ಪಕ್ಕಕ್ಕೆ ಮಣ್ಣು ಮಾಡಲು ಹೊರಟಾಗ. ನಮ್ಮ ವಂಶದಲ್ಲಿ ಹೆಂಗಸರು ಬಾಗಿಲವರೆಗೆ ಮಾತ್ರ. ಅತ್ತೆ ಮೆರವಣಿಗೆಯ ಹಿಂದೆ ನಡೆದಳು, ಅವಳ ಹಿಂದೆ ನಾನು. ಅದೇ ದಾಯಾದಿ ಹಿರಿಯರು ಕೈ ಅಡ್ಡ ಹಿಡಿದರು.

“ಹೆಂಗಸರು ಬರಂಗಿಲ್ಲ.”

“ದೊಡ್ಡಣ್ಣ, ಒಳಗೆ ನಾನು ಬೋಳಿ ಅಂತ ತಡೆದ್ರಿ. ಆಮೇಲೆ ಸ್ವಾಮ್ಗಳು ಅಂತ ಕರೆದ್ರಿ. ಈಗ ಹೆಂಗಸು ಅಂತೀರಿ. ಇವತ್ತೊಂದಿನ ನಾನು ಅವಳ ಮಗಳು. ದಾರಿ ಬಿಡಿ.”

ಅವರು ಅಪ್ಪನ ಕಡೆ ನೋಡಿದರು. ಹೆಗಲ ಮೇಲೆ ಚಟ್ಟ ಹೊತ್ತಿದ್ದ ಅಪ್ಪ ಹೌದೆನ್ನಲಿಲ್ಲ, ಅಲ್ಲವೆನ್ನಲಿಲ್ಲ, ಮುಂದೆ ನಡೆದ. ಅತ್ತೆ ಅವರ ಕೈಯನ್ನು ಬಳಸಿಕೊಂಡು ಹೋದಳು. ನಾನೂ ಹೋದೆ. ನಮ್ಮ ಹಿಂದೆ ಕಾಲಸದ್ದು ಕೇಳಿ ತಿರುಗಿದರೆ ಇನ್ನೂ ಕೆಲವು ಹೆಂಗಸರು ಬರುತ್ತಿದ್ದರು. ಯಾರೂ ಯಾರನ್ನೂ ಕರೆದಿರಲಿಲ್ಲ. ಮೂರು ಹಿಡಿ ಮಣ್ಣು ನಾವೂ ಹಾಕಿದೆವು.

ತಿಥಿಗೆ ಅತ್ತೆ ಬರಲಿಲ್ಲ. ಅಪ್ಪ ಕರೆದಿರಲೂ ಇಲ್ಲ. “ಆಯ್ತಲ್ಲ, ಇದ್ದ ಒಂದು ಋಣವೂ ತೀರ್ತು. ಇನ್ನು ಈ ಬಾಗ್ಲಿಗೆ ಅವಳು ಬರೋದು ಬೇಡ,” ಎಂದು ನನ್ನ ಹತ್ತಿರ ಹೇಳಿ ಕಳಿಸಿದ. ನಾನು ಆ ಮಾತನ್ನು ಇದ್ದ ಹಾಗೇ ತಲುಪಿಸಿದೆ. ಅತ್ತೆ ಕೇಳಿಸಿಕೊಂಡಳು. ಮಳೆಗಾಲವೆಲ್ಲ ಭಿಕ್ಷುಣಿಯರು ಒಂದೇ ಕಡೆ ನಿಲ್ಲಬೇಕಾದ್ದರಿಂದ ಅವಳು ಎಲ್ಲಿಗೂ ಹೋಗಲಿಲ್ಲ. ಮಳೆಗಾಲ ಮುಗಿದ ಮೇಲೆ, ದೀಪಾವಳಿಯ ರಜೆಯಲ್ಲಿ, ನಾನು ಊರಲ್ಲಿದ್ದಾಗ ಅವಳು ಬಂದಳು. ಅದೇ ಬೀದಿ, ಅದೇ ನಡಿಗೆ. ಈ ಸಲ ಬಾಗಿಲು ಹಾಕಿಕೊಂಡವರು ಕಡಿಮೆ. ನಮ್ಮ ಮನೆಯನ್ನೂ ಬಿಡದೆ ಗೇಟಿನ ಮುಂದೆ ನಿಂತಳು.

ಅಪ್ಪ ಜಗಲಿಯಲ್ಲಿ ಕೊಬ್ಬರಿ ಒಡೆಯುತ್ತಿದ್ದ. ತಲೆ ಎತ್ತಲಿಲ್ಲ.

ನಾನು ಏಳುವಷ್ಟರಲ್ಲಿ ಅಮ್ಮ ಒಳಗಿನಿಂದ ಪಾತ್ರೆ ಹಿಡಿದು ಬಂದಳು. ನನ್ನ ಇಷ್ಟು ವಯಸ್ಸಿಗೆ ಅಮ್ಮ ಅಪ್ಪನಿಗೆ ಎದುರಾಡಿದ್ದನ್ನು ನಾನು ನೋಡಿರಲಿಲ್ಲ. ಅವಳು ಅವನ ಪಕ್ಕದಲ್ಲೇ ಹಾದು ಮೆಟ್ಟಿಲಿಳಿದಳು.

“ಯಾರನ್ನ ಕೇಳ್ದೆ?” ಎಂದ ಅಪ್ಪ.

“ಬೇಯ್ಸಿದೋಳು ನಾನು,” ಎಂದಳು ಅಮ್ಮ. “ಇದರಲ್ಲಿ ಕೇಳೋದೇನೈತೆ?”

ಗೇಟು ತೆಗೆದು, ಅನ್ನ ಸಾರು ಬಡಿಸಿ, ಕೈಮುಗಿದು, ಅತ್ತೆ ಬೀದಿ ತಿರುಗುವವರೆಗೂ ಅಲ್ಲೇ ನಿಂತು ನೋಡಿದಳು. ಅಪ್ಪ ಮಚ್ಚನ್ನು ಕೊರಡಿಗೆ ಕಚ್ಚಿಸಿ, ಟವೆಲ್ಲು ಕೊಡವಿ ಹೆಗಲಿಗೆ ಹಾಕಿಕೊಂಡು ತೋಟದ ಕಡೆ ಹೋದ. ಊಟದ ಹೊತ್ತಿಗೆ ವಾಪಸ್ಸು ಬಂದು ತಟ್ಟೆಯ ಮುಂದೆ ಕೂತ. ಅದೇ ಪಾತ್ರೆಯಿಂದ ಅಮ್ಮ ಅವನಿಗೂ ಬಡಿಸಿದಳು.